ಸುಬೇದಾರರನ್ನು ಕೇಳಿ: ಕಮಾಂಡೋಗಳಿಗಿಂತ ಮೊದಲು ಹೋಗುವವರು

ಪ್ರಶ್ನೆ: ಡೆಲ್ಟಾ ಫೋರ್ಸ್, ನೇವಿ ಸೀಲ್ ಅನ್ನುವ ಅಮೆರಿಕದ ಕಮಾಂಡೋ ಪಡೆಗಳ ಹೆಸರು ಎಲ್ಲರೂ ಕೇಳಿದ್ದಾರೆ. ಅವರಿಗೆ ಮಾಹಿತಿ ತಂದುಕೊಡಲಿಕ್ಕೇ ಅಮೆರಿಕದ ಸೇನೆಯಲ್ಲಿ ಒಂದು ಗುಪ್ತ ಘಟಕ ಇದೆಯಂತೆ. ಅವರು ನಿಜವಾಗಿ ಮಾಡುವ ಕೆಲಸ ಏನು? ನಮ್ಮಲ್ಲೂ ಅಂಥದ್ದು ಇದೆಯಾ? ಸೇರುವುದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ಇದೆ ತಮ್ಮಾ. ಇಂಟೆಲಿಜೆನ್ಸ್ ಸಪೋರ್ಟ್ ಆಕ್ಟಿವಿಟಿ ಅಂತ ಅದರ ಹೆಸರು. ಗ್ರೇ ಫಾಕ್ಸ್, ಸೆಂಟ್ರಾ ಸ್ಪೈಕ್ ಅಂತೆಲ್ಲ ಗುಪ್ತನಾಮಗಳೂ ಇದ್ದವು. ಅದು ಹುಟ್ಟಿದ್ದು ಒಂದು ದೊಡ್ಡ ಸೋಲಿನಿಂದ. 1980ರ ಏಪ್ರಿಲ್‌ನಲ್ಲಿ, ಇರಾನಿನ ಟೆಹರಾನ್‌ನಲ್ಲಿ ಒತ್ತೆಯಾಳಾಗಿದ್ದ ತನ್ನ ರಾಯಭಾರ ಕಚೇರಿಯವರನ್ನು ಬಿಡಿಸಲು ಅಮೆರಿಕ 8 ಹೆಲಿಕಾಪ್ಟರ್ ಕಳಿಸಿತು. ಕನಿಷ್ಠ 6 ಬೇಕಿತ್ತು, ಮರುಭೂಮಿಯಲ್ಲಿ ಇಳಿದ ಮೇಲೆ ಕೆಲಸಕ್ಕೆ ಬರುವಂಥವು 5 ಮಾತ್ರ ಉಳಿದವು. ಕಾರ್ಯಾಚರಣೆ ಕೈಬಿಟ್ಟು ಹೊರಡುವಾಗ ಒಂದು ಹೆಲಿಕಾಪ್ಟರ್ ವಿಮಾನಕ್ಕೆ ಬಡಿದು 8 ಜನ ಸತ್ತರು. ಆಮೇಲೆ ಇರಾನಿನವರು ಒತ್ತೆಯಾಳುಗಳನ್ನು ಬೇರೆ ಬೇರೆ ಕಡೆ ಚದುರಿಸಿಬಿಟ್ಟರು. ಎರಡನೇ ಸಲ ಹೋಗೋಣ ಅಂದರೆ ಎಲ್ಲಿಗೆ ಹೋಗುವುದು? ಮುಂಚೆಯೇ ಒಳಗೆ ಹೋಗಿ ನೋಡಿಬರಲು ಸೇನೆಗೆ ತನ್ನದೇ ಜನ ಬೇಕು ಅನ್ನಿಸಿತು. 1981ರಲ್ಲಿ ಈ ಘಟಕ ಶುರುವಾಯಿತು.

ಕೆಲಸ ಎರಡು ಬಗೆ. ಕೆಲವರು ಸಾಮಾನ್ಯ ಬಟ್ಟೆಯಲ್ಲಿ ಹೋಗಿ ರಸ್ತೆ, ಬಾಗಿಲು, ಕಾವಲು ನೋಡಿಬರುತ್ತಾರೆ. ಇನ್ನು ಕೆಲವರು ರೇಡಿಯೋ, ಫೋನ್ ಕೇಳುತ್ತಾರೆ. ನಾನು ಸಿಗ್ನಲ್ಸ್‌ನವನು, ಅಂದರೆ ಸೇನೆಯ ರೇಡಿಯೋ, ಫೋನ್ ನೋಡಿಕೊಳ್ಳುವ ವಿಭಾಗದವನು, ಹಾಗಾಗಿ ಎರಡನೆಯದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ರಾತ್ರಿ ತೋಟಕ್ಕೆ ಆನೆ ನುಗ್ಗಿದೆ ಅಂದುಕೊಳ್ಳಿ. ಲೈನ್ ಮನೆ ಹತ್ತಿರ ನಿಂತವನಿಗೆ ಕೊಂಬೆ ಮುರಿಯುವ ಸದ್ದು ಯಾವ ದಿಕ್ಕಿನದು ಅಂತ ಗೊತ್ತಾಗುತ್ತದೆ, ಎಷ್ಟು ದೂರ ಅಂತ ಗೊತ್ತಾಗಲ್ಲ. ಕೆರೆ ಪಕ್ಕ ಇನ್ನೊಬ್ಬ ನಿಂತು ತನ್ನ ದಿಕ್ಕು ಹೇಳಿದರೆ, ಎರಡು ಗೆರೆ ಸೇರುವಲ್ಲಿ ಆನೆ ಇದೆ. ರೇಡಿಯೋ ಹುಡುಕುವುದೂ ಇಷ್ಟೇ. ಆಂಟೆನಾ ತಿರುಗಿಸಿ ದಿಕ್ಕು ಹಿಡಿಯಬೇಕು, ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಅಷ್ಟರಲ್ಲಿ ಎದುರಿನವನು ಮಾತು ನಿಲ್ಲಿಸಿದರೆ ಮುಗಿಯಿತು, ಮತ್ತೆ ಕಾಯಬೇಕು. ಬೆಟ್ಟ ಅಡ್ಡ ಬಂದರೆ ಸಿಗ್ನಲ್ ತಿರುಗಿ ಬಂದು ಸುಳ್ಳು ದಿಕ್ಕು ತೋರಿಸುತ್ತದೆ. ಅದಕ್ಕೇ ಈ ಘಟಕ ಸಣ್ಣ ವಿಮಾನಗಳನ್ನು ಬಳಸಿತು. ಹಾರುತ್ತಾ ಹೋದ ಹಾಗೆ ಒಂದೇ ವಿಮಾನಕ್ಕೆ ಹಲವು ಗೆರೆ ಸಿಗುತ್ತವೆ. ಕೊಲಂಬಿಯಾದ ಮಾದಕವಸ್ತು ದಂಧೆಯ ದೊರೆ ಪಾಬ್ಲೊ ಎಸ್ಕೋಬಾರ್‌ನನ್ನು ಹೀಗೆಯೇ ಮೇಲಿನಿಂದ ಹುಡುಕಿದರು. ಕೊನೆಗೆ 1993ರ ಡಿಸೆಂಬರ್ 2ರಂದು ಅವನು ಮಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಮನೆಯನ್ನು ಪತ್ತೆ ಮಾಡಿದ್ದು ಕೊಲಂಬಿಯಾ ಪೊಲೀಸರದೇ ತಂಡ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. 1982ರಲ್ಲಿ ಅಮೆರಿಕದ ಉಪ ರಕ್ಷಣಾ ಕಾರ್ಯದರ್ಶಿ ಫ್ರಾಂಕ್ ಕಾರ್ಲುಚಿ ಈ ಘಟಕವನ್ನೇ ಮುಚ್ಚಲು ಹೊರಟಿದ್ದರು. ಇದಕ್ಕೆ ಹಿಡಿತವೇ ಇಲ್ಲ ಅನ್ನುವುದು ಅವರ ತಕರಾರು. ಆಮೇಲೆ ನಿಯಮ ಬಿಗಿ ಮಾಡಿ ಉಳಿಸಿಕೊಂಡರು. ಕಾರ್ಲುಚಿ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಗುಟ್ಟು ಇರಲಿ, ಆದರೆ ಲೆಕ್ಕ ಕೇಳುವವರು ಮೇಲೆ ಒಬ್ಬರು ಇರಲೇಬೇಕು.

ನಮ್ಮಲ್ಲಿ? ಎಲ್ಲರಿಗೂ ತಿಳಿದಿರುವಷ್ಟನ್ನೇ ಹೇಳುತ್ತೇನೆ. ಕುಶಾಲನಗರ ದಾಟಿದರೆ ಬೈಲಕುಪ್ಪೆ ಅಲ್ವಾ? ಅಲ್ಲಿರುವವರ ಹಾಗೆ ಟಿಬೆಟ್ ಬಿಟ್ಟು ಬಂದವರನ್ನು ಸೇರಿಸಿ 1962ರಲ್ಲಿ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್ ಕಟ್ಟಿದರು. ಅದು ಕಮಾಂಡೋ ಪಡೆ, ಆದರೆ ಅಷ್ಟೇ ಗುಟ್ಟಿನದು. 1971ರ ಬಾಂಗ್ಲಾ ಯುದ್ಧದಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಕಾದಾಡಿ ಸುಮಾರು 50 ಜನ ಸತ್ತರು. ಆಗ ಯಾರಿಗೂ ಸುದ್ದಿಯೇ ಇಲ್ಲ. 2020ರಲ್ಲಿ ಲಡಾಖ್‌ನಲ್ಲಿ ಆ ಪಡೆಯ ನೈಮಾ ಟೆನ್ಜಿನ್ ತೀರಿಕೊಂಡಾಗ ಬಹಿರಂಗವಾಗಿ ಗೌರವ ಸಿಕ್ಕಿತು. ನೋಡಿ ನನಗೆ ಸಮಾಧಾನವಾಯಿತು.

ಇಂಥ ಕೆಲಸಕ್ಕೆ ನೇರ ಭರ್ತಿ ಅನ್ನುವುದು ಇಲ್ಲ. ಮೊದಲು ಸೇನೆ ಸೇರಿ. ಸಿಗ್ನಲ್ಸ್ ಆದರೆ ಜಬಲ್ಪುರ ಅಥವಾ ಗೋವಾದಲ್ಲಿ ಟ್ರೈನಿಂಗ್. ಇಂಟೆಲಿಜೆನ್ಸ್ ಕೋರ್‌ನ ಶಾಲೆ ಪುಣೆಯಲ್ಲಿದೆ. ಗಣಿತ ಬಿಡಬೇಡಿ, ಒಂದು ಹೊರಗಿನ ಭಾಷೆ ಚೆನ್ನಾಗಿ ಕಲಿಯಿರಿ. ದುಡ್ಡು ಕೊಟ್ಟರೆ ಗುಪ್ತ ಘಟಕಕ್ಕೆ ಸೇರಿಸುತ್ತೇನೆ ಅನ್ನುವವನು ಕಳ್ಳ. ಪೊಲೀಸರಿಗೆ ಹೇಳಿ.

ಪ್ರಶ್ನೆ: ಮಗ ಸೇನೆಯಲ್ಲಿದ್ದಾನೆ. ಈಗ ಎಲ್ಲಿದ್ದಾನೆ ಅಂತ ನನಗೂ ಹೇಳುವುದಿಲ್ಲ. ಮದುವೆ ಮನೆಯಲ್ಲಿ ನೆಂಟರು ಕೇಳಿದರೆ ಏನು ಹೇಳಲಿ? ಅವನು ಏನಾದರೂ ಮುಚ್ಚಿಡುತ್ತಿದ್ದಾನಾ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಅಕ್ಕಾ, ಅವನು ನಿಮ್ಮಿಂದ ಮುಚ್ಚಿಡುತ್ತಿಲ್ಲ, ಆದೇಶ ಪಾಲಿಸುತ್ತಿದ್ದಾನೆ. ನೀವು ಕಾಗದ ಬರೆದರೆ ವಿಳಾಸದ ಕೊನೆಗೆ ಯೂನಿಟ್ ಹೆಸರಿನ ಕೆಳಗೆ ‘99 ಎಪಿಓ’ ಅಥವಾ ‘56 ಎಪಿಓ’ ಅಂತ ಇರುತ್ತದೆ, ಅಲ್ವಾ? ಎಪಿಓ ಅಂದರೆ ಸೇನೆಯ ಅಂಚೆ ಕಚೇರಿ. ಊರಿನ ಹೆಸರು ಇರುವುದಿಲ್ಲ. ಮಗನೂ ಅದನ್ನೇ ಮಾಡುತ್ತಿದ್ದಾನೆ.

ನೆಂಟರಿಗೆ ‘ಡ್ಯೂಟಿಯಲ್ಲಿ ಇದ್ದಾನೆ, ಚೆನ್ನಾಗಿದ್ದಾನೆ’ ಅಂದರೆ ಸಾಕು. ಯೂನಿಫಾರಂ ಹಾಕಿದ ಫೋಟೋ, ರಜೆಯ ತಾರೀಖು, ರೈಲಿನ ಹೆಸರು ಯಾವುದನ್ನೂ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ‘ಅವನ ಸ್ನೇಹಿತ’ ಅಂತ ಫೋನ್ ಮಾಡಿ ಎಲ್ಲಿದ್ದಾನೆ ಅಂತ ಕೇಳುವವರಿಗೂ ಹೇಳಬೇಡಿ.

ನಿಮಗೆ ಗೊತ್ತಿರಬೇಕಾದ್ದು ಮೂರೇ: ಅವನ ಆರ್ಮಿ ನಂಬರ್, ಯೂನಿಟ್, ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿನ ವಿಳಾಸ. ಈ ಸಲ ಫೋನ್ ಮಾಡಿದಾಗ ಕೇಳಿ ಬರೆದಿಟ್ಟುಕೊಳ್ಳಿ. ಏನಾದರೂ ತುರ್ತು ಇದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಅದನ್ನು ತೆಗೆದುಕೊಂಡು ಹೋಗಿ. ಯೂನಿಟ್‌ಗೆ ವಿಷಯ ಮುಟ್ಟಿಸುವ ದಾರಿ ಅವರು ತೋರಿಸುತ್ತಾರೆ.