ಸಾಕ್ಷಿ ಮೂರು ಅಂತೀರಿ, ಬಾಯಿ ಒಂದೇ ಐತ್ರಿ

ನಮಸ್ಕಾರ್ರೀ. ನಿಮ್ಮ ಮನೆತನದ ಇತಿಹಾಸದ ಲೇಖನ ಎರಡು ಸಲ ಓದಿದೆ. ಈಗ ಇದ್ದಂಗ ಅಚ್ಚಿಗೆ ಹಾಕಾಕ ಬರಂಗಿಲ್ರಿ, ಆದ್ರ ಕೈ ಬಿಡಬ್ಯಾಡ್ರಿ, ಯಾಕಂದ್ರ ಇದರಾಗ ಒಂದು ಛಲೋ ಲೇಖನ ಐತಿ, ನೀವು ಅದನ್ನ ಕಡೇ ಪುಟದಾಗ ಒಂದು ಫೋಟೋ ಮಾಡಿ ಮೂಲ್ಯಾಗ ಇಟ್ಟೀರಿ.

ಮೊದಲು ತಪ್ಪು ಹೇಳ್ತೀನಿ. ಎರಡನೇ ಪುಟದಾಗ ಮುತ್ತಜ್ಜ ಧಾತು ಸಂವತ್ಸರದ ಬರದಾಗ ಹುಟ್ಟಿದ್ರು ಅಂತೀರಿ, ಐದನೇ ಪುಟದಾಗ ಅವರು ಬ್ರಿಟಿಷರ ವಿರುದ್ಧ ದಂಗೆ ಎದ್ದ ಮುಂಡರಗಿ ಭೀಮರಾಯನ ಜೋಡಿ ಕೊಪ್ಪಳ ಕೋಟ್ಯಾಗ ಬಡದಾಡ್ಯಾರ. ಭೀಮರಾಯ ಕೊಪ್ಪಳದಾಗ ಮಡಿದದ್ದು 1858ರಾಗ, ಧಾತು ಬರ ಬಂದದ್ದು 1876ರಾಗ. ಎರಡೂ ನಿಜ ಆಗಾಕ ಸಾಧ್ಯ ಇಲ್ಲ. ಕೋಟ್ಯಾಗ ಇದ್ದವರು ಮುತ್ತಜ್ಜನ ಅಪ್ಪ ಇರಬಹುದು, ಇಲ್ಲಾ ಊರ ಕಥಿ ನಿಮ್ಮ ಮನಿ ಹೊಕ್ಕಿರಬಹುದು. ಇನ್ನೊಂದು, ಧಾತು 60 ವರ್ಷಕ್ಕೊಮ್ಮೆ ಬರ್ತೈತಿ, 1936ರಾಗೂ ಬಂದಿತ್ತು, ಹಂಗಾಗಿ ನಿಮ್ಮತ್ತಿ "ಹಿರೇರು ಧಾತು ವರ್ಷದಾಗ ಹುಟ್ಟಿದ್ರು" ಅಂದಾಗ ಯಾವ ಹಿರೇರು ಅಂತ ಕೇಳಬೇಕಿತ್ತು.

ಕೊಪ್ಪಳ ಕೋಟ್ಯಾಗ ಬಡದಾಡಿದ ಕಥಿಗೆ ಮೂರು ಸಾಕ್ಷಿ ಕೊಟ್ಟೀರಿ, ಕಾಕಾರ ಡೈರಿ, ಅಣ್ಣ ವಾಟ್ಸಾಪಿನಾಗ ಕಳಿಸಿದ ವಂಶವೃಕ್ಷ, ಮನಿ ಮನಿಗೆ ಬಂದು ವಂಶಾವಳಿ ಹೇಳೋ ಹೆಳವರು ಹೇಳಿದ್ದು. ಆದ್ರ ಕಾಕಾರೇ ಡೈರಿಯಾಗ "ಹೆಳವ ಹೇಳಿದಂತೆ" ಅಂತ ಬರಕೊಂಡಾರ, ಅಣ್ಣ ಆ ಡೈರಿ ನೋಡಿ ಟೈಪ್ ಮಾಡ್ಯಾನ. ಅಲ್ಲಿಗೆ ಸಾಕ್ಷಿ ಒಂದೇ ಆತಲ್ರಿ. ಹೆಳವರನ್ನ ಹಗುರಾಗಿ ತಗೋಬ್ಯಾಡ್ರಿ, ಎತ್ತಿನ ಮ್ಯಾಲೆ ಬಂದು ಏಳೆಂಟು ತಲಿ ಹೆಸರು ಒಂದೇ ಉಸರಿನಾಗ ಹೇಳ್ತಾರ, ಯಾವ ಆಫೀಸಿನಾಗೂ ಸಿಗದ ಹೆಸರು ಅವರ ಕಡೆ ಇರ್ತಾವ. ಆದ್ರ ಹೆಸರಿಗೆ, ಮೂಲ ಊರಿಗೆ ಅವರನ್ನ ನಂಬೋದು ಬ್ಯಾರೆ, ಕಾಳು ಕೊಡೋ ಮನಿ ಮುಂದ ನಿಂತು ಆ ಮನಿಯವರ ಪರಾಕ್ರಮ ಹೊಗಳಿದ್ದನ್ನ ನಂಬೋದು ಬ್ಯಾರೆ. ಮುಂದಿನ ಸಲ ಬಂದಾಗ ಕೇಳ್ರಿ, ಈ ಮಾತು ನಿಮ್ಮ ಪುಸ್ತಕದಾಗ ಯಾರು ಬರೆಸಿದ್ದು, ಯಾವಾಗ ಅಂತ.

ಅಜ್ಜನ ಹುಟ್ಟಿದ ದಿನ ಸಾಲಿ ಸರ್ಟಿಫಿಕೇಟ್ ನೋಡಿ ಜೂನ್ 1 ಅಂತ ಹಾಕೀರಿ. ನಮ್ಮಪ್ಪಂದೂ ಜೂನ್ 1, ನಮ್ಮಿಬ್ರು ಕಾಕಾರದೂ ಜೂನ್ 1. ಸಾಲಿಗೆ ಹಚ್ಚುವಾಗ ಮಾಸ್ತರು ಹಾಕಿದ ತಾರೀಕು ಅದು, ವರ್ಷನೂ ಅಂದಾಜಿಂದೇ.

ಈಗ ಆ ಫೋಟೋ. ಮಡಿಕಿ ಬಿದ್ದಲ್ಲಿ ಹರದೈತಿ, ಉರ್ದು ಬರಹ, ಕೆಳಗ 1321 ಫಸಲಿ, ಅಂದ್ರ ಕಂದಾಯದ ಕಾಗದದಾಗ ಬಳಸ್ತಿದ್ದ ವರ್ಷದ ಲೆಕ್ಕ. ನೀವು ಅದರ ಕೆಳಗ ಬರೇ "ಹಳೆ ಕಾಗದ" ಅಂತ ಬರದೀರಿ! ಇಸವಿ ಬೇಕಂದ್ರ ಅದಕ್ಕ 590 ಕೂಡಿಸ್ರಿ, 1911ರ ಆಸುಪಾಸು ಆತು, ಮುತ್ತಜ್ಜ ಇನ್ನಾ ಇದ್ದ ಕಾಲ. ನಿಮ್ಮ ಮನಿಯವರನ್ನ ಹೊಗಳೋ ದರ್ದು ಆ ಬರದವನಿಗೆ ಇರಲಿಲ್ಲ, ತನ್ನ ಕೆಲಸ ಮಾಡ್ಯಾನ ಅಷ್ಟ. ಬಳ್ಳಾರಿಯಾಗ ಹುಡುಕಿದೆ, ಏನೂ ಸಿಗಲಿಲ್ಲ, ಅದಕ್ಕ ದಾಖಲೆನೇ ಇಲ್ಲ ಅಂತೀರಲ್ಲ, ಹೆಂಗ ಸಿಗ್ತೈತ್ರಿ? ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಾಗ ಇತ್ತು, ಕೊಪ್ಪಳ ನಿಜಾಮರ ರಾಜ್ಯದಾಗ, ನಿಜಾಮರ ದಿವಾನ ಮನೆತನದ ಸಾಲಾರ್ ಜಂಗರ ಜಹಗೀರು.

ಹಳೆ ಉರ್ದು ಕೈಬರಹ ಓದಾಕ ಬರೋರ ಕಡೆ ಸಾಲು ಸಾಲು ಓದಸ್ರಿ. ಹೆಸರು ಅಲ್ಲಿ ಬ್ಯಾರೆ ಥರ ಕೇಳಬಹುದು, ಬರಕೊಂಡವ ಕಿವಿಗೆ ಬಿದ್ದಂಗ ಬರದಿರ್ತಾನ. ಓದಾಕ ಆಗದ ಜಾಗ ಖಾಲಿ ಬಿಡ್ರಿ, ನೀವು ತುಂಬಬ್ಯಾಡ್ರಿ. ಅತ್ತಿಯವರ ಮುಂದ ಇನ್ನೊಮ್ಮೆ ಕುಂತು ಕೇಳ್ರಿ, ಈ ಸಲ ಫೋನಿನಾಗ ರೆಕಾರ್ಡ್ ಮಾಡ್ಕೋರಿ. ಆಮ್ಯಾಲ ಆ ಕಾಗದದಿಂದನ ಲೇಖನ ಶುರು ಮಾಡಿ ನನಗ ಕಳಸ್ರಿ, ಕಾಯ್ತಿರ್ತೀನಿ.