ಸ್ವಾತಂತ್ರ್ಯಕ್ಕೆ ಮೊದಲೇ ಅಲ್ಜೀರಿಯಾಕ್ಕೆ ರಾಷ್ಟ್ರೀಯ ಫುಟ್ಬಾಲ್ ತಂಡವಿತ್ತೇ?

ಹೌದು, ಇತ್ತು. ಅಲ್ಜೀರಿಯಾ ಸ್ವತಂತ್ರವಾದದ್ದು 1962ರಲ್ಲಾದರೂ, 1958ರ ಏಪ್ರಿಲ್‌ನಲ್ಲೇ ಫ್ರಾನ್ಸಿನ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಅಲ್ಜೀರಿಯಾ ಮೂಲದ ಆಟಗಾರರು ಗುಟ್ಟಾಗಿ ಆ ದೇಶವನ್ನು ತೊರೆದು ನೆರೆಯ ಟ್ಯುನೀಷಿಯಾದ ರಾಜಧಾನಿ ಟ್ಯೂನಿಸ್ ಸೇರಿ, ಫ್ರೆಂಚ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ವಿಮೋಚನಾ ರಂಗದ ಹೆಸರಿನಲ್ಲಿ ತಂಡ ಕಟ್ಟಿದರು. ಅವರಲ್ಲಿ ರಶೀದ್ ಮೆಖ್ಲೂಫಿ ಮತ್ತು ಮುಸ್ತಫಾ ಝಿತೂನಿ ಆಗಲೇ ಫ್ರಾನ್ಸ್ ಪರ ಆಡಿದ್ದವರು. ಕೆಲವೇ ವಾರಗಳಲ್ಲಿ ಆರಂಭವಾಗಲಿದ್ದ ವಿಶ್ವಕಪ್ಪಿನ ಅವಕಾಶವನ್ನೂ ಅವರು ಬಿಟ್ಟುಕೊಟ್ಟರು. ಈ ತ್ಯಾಗಕ್ಕೆ ಕ್ರೀಡಾ ಇತಿಹಾಸದಲ್ಲಿ ಸಾಟಿ ವಿರಳವೆಂದೇ ನನ್ನ ಭಾವನೆ. ಫಿಫಾ ಮಾನ್ಯತೆ ನೀಡದಿದ್ದರೂ ತಂಡವು ಉತ್ತರ ಆಫ್ರಿಕಾ, ಪೂರ್ವ ಯುರೋಪ್ ಮತ್ತು ಏಷ್ಯಾಗಳಲ್ಲಿ ಆಡುತ್ತ ಹೋರಾಟದ ಸುದ್ದಿಯನ್ನು ಜಗತ್ತಿಗೆ ಮುಟ್ಟಿಸಿತು.

ಸ್ವಾತಂತ್ರ್ಯಾನಂತರದ ಅಧಿಕೃತ ತಂಡ 1982ರ ವಿಶ್ವಕಪ್ಪಿನಲ್ಲಿ ಮಾಜೆರ್ ಮತ್ತು ಬೆಲ್ಲೂಮಿ ಅವರ ಗೋಲುಗಳಿಂದ ಪಶ್ಚಿಮ ಜರ್ಮನಿಯನ್ನು 2-1ರಿಂದ ಮಣಿಸಿತು. ಆದರೆ ಅಲ್ಜೀರಿಯಾದ ಪಂದ್ಯಗಳೆಲ್ಲ ಮುಗಿದ ಮರುದಿನ ಅದೇ ಗುಂಪಿನ ಜರ್ಮನಿ ಮತ್ತು ಆಸ್ಟ್ರಿಯಾ, ಇಬ್ಬರನ್ನೂ ಮುಂದಿನ ಸುತ್ತಿಗೆ ಒಯ್ಯುವ 1-0 ಅಂತರ ಸಿಕ್ಕ ಮೇಲೆ ಗೋಲು ಹೊಡೆಯುವ ಯತ್ನವನ್ನೇ ಕೈಬಿಟ್ಟಂತೆ ಆಡಿದ್ದರಿಂದ, ಎರಡು ಪಂದ್ಯ ಗೆದ್ದ ಅಲ್ಜೀರಿಯಾ ಹೊರಬಿತ್ತು. ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ನಿಯಮ ಬಂದದ್ದು ಈ ಅನ್ಯಾಯದ ಬಳಿಕವೇ. ಮುಂದೆ ಆಫ್ರಿಕಾ ಕಪ್ಪನ್ನು ಅಲ್ಜೀರಿಯಾ 1990 ಮತ್ತು 2019ರಲ್ಲಿ ಗೆದ್ದುಕೊಂಡಿತು.