ನೆರೆಮನೆಯ ರೇಡಿಯೊ ಯಾಕೆ ಸುಮ್ಮನಿದೆ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಕಾಫಿ ತೋಟ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲೂ ಸತ್ತ ಹಾಗೆ. ಹಾಗಾಗಿ ಐದು ಮನೆಯವರು ಸೇರಿ ಲೋರಾ ರೇಡಿಯೊ, ಅಂದರೆ ಕಮ್ಮಿ ಬ್ಯಾಟರಿಯಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವ ಸಾಧನ, ಇಟ್ಟಿದ್ದೇವೆ. ಅದರಲ್ಲಿ ಒಬ್ಬರ ಸಂದೇಶವನ್ನು ಇನ್ನೊಬ್ಬರ ರೇಡಿಯೊ ಮುಂದಕ್ಕೆ ದಾಟಿಸುವ ಮೆಶ್‌ಟಾಸ್ಟಿಕ್ ಎಂಬ ತಂತ್ರಾಂಶ ಇದೆ. ಪಕ್ಕದ ಮನೆಯದು ಮಾತ್ರ ನಮ್ಮ ಸಂದೇಶ ದಾಟಿಸುವುದೇ ಇಲ್ಲ. ಬ್ಯಾಟರಿ ಉಳಿಸ್ತಾ ಇದೆಯಾ? ಇನ್ನೊಂದು, ಹೊರಗಿನವರು ಸೇರಿಕೊಂಡು ‘ಆನೆ ಬಂತು’ ಅಂತ ಸುಳ್ಳು ಕಳಿಸಿದರೆ?

ಉತ್ತರ: ಪಕ್ಕದ ಮನೆಯವರ ಜೊತೆ ಮಾತು ಬಿಡಬೇಡಿ! ಮೆಶ್‌ಟಾಸ್ಟಿಕ್‌ನಲ್ಲಿ ನಿಮ್ಮ ಸಿಗ್ನಲ್ ಕ್ಷೀಣವಾಗಿ ಕೇಳಿಸಿದ ರೇಡಿಯೊ, ಅಂದರೆ ಸಾಮಾನ್ಯವಾಗಿ ದೂರದ್ದು, ಮೊದಲು ದಾಟಿಸುತ್ತದೆ. ಅದು ಕೇಳಿಸಿದರೆ ಹತ್ತಿರದ್ದು ಸುಮ್ಮನಾಗುತ್ತದೆ. ನಿಮ್ಮ ಐದರಲ್ಲಿ ದೂರದ ಮನೆಯದನ್ನು ಹತ್ತು ನಿಮಿಷ ಆಫ್ ಮಾಡಿಸಿ ನೋಡಿ. ಆಗಲೂ ದಾಟಿಸದಿದ್ದರೆ, ಅದರ ಸೆಟ್ಟಿಂಗ್‌ನಲ್ಲಿ ‘ಕ್ಲೈಂಟ್ ಮ್ಯೂಟ್’ ಅಂತ ಇದೆಯೇ ನೋಡಿ. ಆ ಸೆಟ್ಟಿಂಗ್‌ನಲ್ಲಿ ಬೇರೆಯವರ ಸಂದೇಶ ದಾಟುವುದಿಲ್ಲ.

ನಿಮ್ಮ ಅನುಮಾನ ಹೊಸದೇನಲ್ಲ. 2000ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ‘ವಾಚ್‌ಡಾಗ್’ ಎಂಬ ಉಪಾಯ ಹೇಳಿದ್ದರು. ಸಂದೇಶ ಕೊಟ್ಟ ಮೇಲೂ ಕಿವಿ ತೆರೆದಿಡುವುದು, ನೆರೆಯವನು ದಾಟಿಸಿದನಾ ಎಂದು ಕೇಳುವುದು. ದಾಟಿಸದವನನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು. ನನಗೆ ತಮಾಷೆ ಅನಿಸುವುದು ಇಲ್ಲೇ. ಸೋಮಾರಿಗೆ ಕೆಲಸ ಕಮ್ಮಿಯಾಯಿತು, ಶಿಕ್ಷೆ ಎಲ್ಲಿ ಆಯಿತು? ಜೊತೆಗೆ, ಅದೇ ಹೊತ್ತಿಗೆ ಇನ್ನೊಂದು ಸಿಗ್ನಲ್ ಬಂದು ಡಿಕ್ಕಿ ಹೊಡೆದರೆ, ದಾಟಿಸಿದ್ದೂ ನಿಮಗೆ ಕೇಳಿಸದು. ಒಂದೆರಡು ತಪ್ಪಿಗೆ ತೀರ್ಪು ಕೊಡುವ ಹಾಗಿಲ್ಲ.

2002ರಲ್ಲಿ ಬಂದ ‘ಕೋರ್’ ಎಂಬ ಪದ್ಧತಿ ಇದಕ್ಕಿಂತ ಜಾಣತನದ್ದು. ಬೇರೆಯವರಿಗೆ ನೆರವಾಗದವನಿಗೆ ನೆರವೂ ಸಿಗದು. ಇನ್ನೊಬ್ಬರ ಬಗ್ಗೆ ಒಳ್ಳೆಯ ಮಾತಾದರೆ ಒಪ್ಪುತ್ತದೆ, ಚಾಡಿಗೆ ಕಿವಿಗೊಡುವುದಿಲ್ಲ. ಮೆಶ್‌ಟಾಸ್ಟಿಕ್‌ನಲ್ಲಿ ಇಂಥ ಲೆಕ್ಕ ಇಲ್ಲ. ಐದು ಮನೆಗೆ ಬೇಕಾಗಿಯೂ ಇಲ್ಲ ಬಿಡಿ.

ಸುಳ್ಳು ಸಂದೇಶದ ಭಯ ಮಾತ್ರ ನಿಜವಾದದ್ದೇ. ಕೊಂಡಾಗ ಇರುವ ಚಾನೆಲ್ ಕೀ, ಅಂದರೆ ಗುಂಪಿನ ಸಂದೇಶ ಓದಲು, ಬರೆಯಲು ಬೇಕಾದ ಗುಟ್ಟಿನ ಸಂಕೇತ, ಎಲ್ಲರಿಗೂ ಗೊತ್ತಿರುವಂಥದ್ದು. ಇವತ್ತೇ ಹೊಸ ಕೀ ಮಾಡಿ. ಆ ಕೀ ಇರುವ ಕ್ಯೂಆರ್ ಕೋಡನ್ನು ಒಬ್ಬರ ಮನೆಯ ಜಗಲಿಯಲ್ಲಿ ಕೂತು ಮುಖಾಮುಖಿ ಸ್ಕ್ಯಾನ್ ಮಾಡಿಕೊಳ್ಳಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆದರೆ ಆ ಕೀ ಐವರಿಗೂ ಒಂದೇ, ಹಾಗಾಗಿ ಅದು ಕೈಗೆ ಸಿಕ್ಕವರು ನಿಮ್ಮ ಹೆಸರಲ್ಲೂ ಬರೆಯಬಹುದು. ಮುಖ್ಯ ವಿಷಯಕ್ಕೆ ಒಬ್ಬರಿಗೇ ಕಳಿಸುವ ನೇರ ಸಂದೇಶ ಬಳಸಿ. ಮೆಶ್‌ಟಾಸ್ಟಿಕ್‌ನ 2.5ನೇ ಆವೃತ್ತಿಯಿಂದ ಅದಕ್ಕೆ ಪ್ರತಿ ರೇಡಿಯೊದ ಸ್ವಂತ ಕೀ ಇದೆ.

ಆನೆ ಸುದ್ದಿ ಎರಡು ಮನೆಯಿಂದ ಬಂದರೆ ನಂಬುತ್ತೇವೆ ಅಂತ ನಿಯಮ ಮಾಡಿಕೊಳ್ಳಬಹುದು. ಆದರೆ ಪರದೆಯ ಹೆಸರು ಎಣಿಸಬೇಡಿ, ಒಬ್ಬನೇ ಐದು ಹೆಸರು ಇಟ್ಟುಕೊಳ್ಳಬಹುದು. ಇದಕ್ಕೆ ‘ಸಿಬಿಲ್ ದಾಳಿ’ ಎನ್ನುತ್ತಾರೆ. ಗುರುತಿನ ಮನೆಗಳನ್ನೇ ಎಣಿಸಿ. ಒಂದು ರೇಡಿಯೊ ಕಳೆದುಹೋದರೆ ಅವತ್ತೇ ಐವರೂ ಚಾನೆಲ್ ಕೀ ಬದಲಿಸಿ.